ಹುಳು ಬಂದಾಗ ಮುನಿಯುವ ಬೈಕು

ನನ್ನ ಗ್ಯಾರೇಜಿನಲ್ಲಿ ಆ ಬೈಕು ಸ್ಟಾರ್ಟ್ ಆಗದೆ ನಿಂತದ್ದು ಒಮ್ಮೆಯೂ ಇಲ್ಲ. ಅದರ ಮೇಲಿದ್ದ ದೂರು ಮಾತ್ರ ಒಂದೇ: ಸ್ಟಾರ್ಟ್ ಆಗುವುದಿಲ್ಲ.

ಶ್ರೀನಿವಾಸಪುರದಲ್ಲಿ, ಮುಳಬಾಗಿಲು ರಸ್ತೆಯಲ್ಲಿ, ಒಂದು ಹಿಟ್ಟಿನ ಗಿರಣಿಯ ಎದುರಿಗೆ ನನ್ನ ಅಂಗಡಿ. ಗಿರಣಿ ಬೆಳಿಗ್ಗೆ ಬಾಯಿ ತೆರೆದರೆ ಊಟದ ಹೊತ್ತಿನ ತನಕ ರಾಗಿ ಅರೆಯುತ್ತಲೇ ಇರುತ್ತದೆ. ಗಿರಣಿಯವನೂ ನಾನೂ ಇಷ್ಟು ವರ್ಷ ಆಡಿರುವ ಮಾತೆಲ್ಲ ಕೂಗಾಟವೇ. ಹೊಸಬರು ನೋಡಿದರೆ ಇಬ್ಬರೂ ಜಗಳಕ್ಕೆ ನಿಂತಿದ್ದಾರೆ ಅಂದುಕೊಳ್ಳಬೇಕು; ನಿಜವಾಗಿ ನಾವು ಟೀ ತರಿಸುವ ಸರದಿ ಯಾರದು ಎಂದು ಕೇಳಿಕೊಳ್ಳುತ್ತಿರುತ್ತೇವೆ.

ಬೈಕು ಹಳೆಯ ನೂರು ಸಿಸಿ ಗಾಡಿ. ಗುಂಡಿ ಒತ್ತಿದರೆ ಎದ್ದೇಳುವ ಈಗಿನ ಜಾತಿಯದಲ್ಲ, ಕಾರ್ಬೊರೇಟರಿನ ಕಾಲದ್ದು, ಕಾಲಿನಿಂದ ಒದೆಯಬೇಕು. ಅದರ ಒಡತಿ ರಾಯಲ್ಪಾಡು ದಾರಿಯ ಒಂದು ಹಳ್ಳಿಯ ಹೆಣ್ಣುಮಗಳು. ಗಂಡ ಮಾಲೂರಿನ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವರಾದ್ದರಿಂದ ಗಾಡಿ, ಗಾಡಿಯ ಕಷ್ಟ ಎರಡೂ ಇವರ ಪಾಲಿಗೆ ಬಂದಿದ್ದವು.

"ಅಣ್ಣಾ, ಇದಕ್ಕೇನು ರೋಗ ನೋಡಣ್ಣ. ಬೆಳಿಗ್ಗೆ ಹೊತ್ತು ಸ್ಟಾರ್ಟೇ ಆಗಲ್ಲ. ಒದ್ದೂ ಒದ್ದೂ ಮೊಣಕಾಲು ಬಿದ್ದೋಗದೆ."

"ಮತ್ತೆ ಈಗ ಹೆಂಗಮ್ಮ ಬಂದೆ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಸತಾಯಿಸಿ ಸತಾಯಿಸಿ, ನಾನು ಅಳೋ ಹೊತ್ತಿಗೆ, ತಾನೇ ಮನಸ್ಸು ಬಂದು ಸ್ಟಾರ್ಟ್ ಆಯ್ತದೆ."

ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠವೊಂದಿದೆ. ಗಾಡಿ ಅಂಗಡಿಗೆ ಬಂದ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಬೇಕು. ಬಿಚ್ಚಿ ಹರಡಿ ಮೈಯೆಲ್ಲ ಎಣ್ಣೆ ಮಾಡಿಕೊಂಡ ಮೇಲೆ, ಪೆಟ್ರೋಲೇ ಇರಲಿಲ್ಲ ಎಂದು ತಿಳಿಯುವಷ್ಟು ದೊಡ್ಡ ಅವಮಾನ ನಮ್ಮ ಕಸುಬಿನಲ್ಲಿಲ್ಲ. ಪುರೋಹಿತರು ಆಚಮನ ಮಾಡದೆ ಮುಂದುವರಿಯುವುದಿಲ್ಲ ತಾನೆ, ಹಾಗೆ ನಾನು ಮುಚ್ಚಳ ತೆಗೆಯದೆ ಸ್ಪ್ಯಾನರ್ ಮುಟ್ಟುವುದಿಲ್ಲ. ಅಂದೂ ತೆಗೆದೆ, ಇಣುಕಿದೆ, ಮುಚ್ಚಿದೆ. ಪೆಟ್ರೋಲ್ ಬೇಕಾದಷ್ಟಿತ್ತು. ಚೋಕ್ ಎಳೆದು ಒಂದೇ ಒಂದು ಸಲ ಒದ್ದೆ.

ಸ್ಟಾರ್ಟ್ ಆಯಿತು.

ಆಕೆ ಬೈಕನ್ನು ನೋಡಿದ ನೋಟ ನೆನಪಿದೆ. ಮನೆ ಬೀದಿ ಒಂದು ಮಾಡಿ, ನೆಂಟರ ಮುಂದೆ ಕೈಕಟ್ಟಿ ಕೂರುವ ಮಗುವನ್ನು ತಾಯಿ ನೋಡುವ ನೋಟ.

ಆದರೂ ದೂರು ದೂರೇ. ಪ್ಲಗ್ ಬಿಚ್ಚಿದೆ. ತುದಿ ಕಾಫಿಪುಡಿಯ ಬಣ್ಣಕ್ಕಿತ್ತು. ಅದು ಆರೋಗ್ಯದ ಬಣ್ಣ. ಆದರೂ ಬದಲಾಯಿಸಿದೆ. ರೋಗಿ ಬಂದು ಔಷಧಿಯಿಲ್ಲದೆ ಹೋದರೆ ವೈದ್ಯನ ಮೇಲೆ ಯಾರಿಗೆ ನಂಬಿಕೆ? ಕಿಡಿ ನೋಡಿದೆ, ನೀಲಿಯಾಗಿ ಚಟಪಟ ಹಾರಿತು. ರಾತ್ರಿ ಗಾಡಿಗೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಏನೂ ಮಾಡಲ್ಲಣ್ಣ. ಬೀದಿ ಬಾಗಿಲತ್ರನೇ ಪೆಟ್ರೋಲ್ ಕಾಕ್ ಆಫ್ ಮಾಡಿ, ತಾನೇ ಆಫ್ ಆಗೋಗಂಟ ಬಿಟ್ಟು, ತಳ್ಕೊಂಡೋಗಿ ನಿಲ್ಲಿಸ್ತೀನಿ. ಅಷ್ಟೇಯ."

ಕಾಕ್ ಮುಚ್ಚುವುದು ಒಳ್ಳೆಯ ಅಭ್ಯಾಸ. ಕಾರ್ಬೊರೇಟರಿನಲ್ಲಿ ಉಳಿದದ್ದನ್ನೂ ಉರಿಸಿ ಖಾಲಿ ಮಾಡುವುದು ಇನ್ನೂ ಒಳ್ಳೆಯದು. ಅಷ್ಟು ಶಿಸ್ತು ನನ್ನ ಗಿರಾಕಿಗಳಲ್ಲಿ ನೂರಕ್ಕೊಬ್ಬರಿಗೂ ಇಲ್ಲ. ಮೆಚ್ಚಿ ಕಳಿಸಿದೆ.

ಎರಡು ದಿನಕ್ಕೆ ತಿರುಗಿ ಬಂದರು. ಈ ಸಲ ಕಾರ್ಬೊರೇಟರ್ ಇಳಿಸಿದೆ. ಬಟ್ಟಲಿನ ತಳದಲ್ಲಿ ಒಂದಿಷ್ಟು ಮಡ್ಡಿ ಸಿಕ್ಕಿತು. ಹಳೆಯ ಗಾಡಿಯ ಬಟ್ಟಲಿನಲ್ಲಿ ಮಡ್ಡಿ ಸಿಗುವುದು ಕೆರೆಯಲ್ಲಿ ಕೆಸರು ಸಿಕ್ಕ ಹಾಗೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಗಿರಾಕಿಗೆ ತೋರಿಸಲು ಚೆನ್ನಾಗಿರುತ್ತದೆ. ಪೆಟ್ರೋಲ್ ಹಾಯುವ ಜೆಟ್‌ಗಳನ್ನು ಊದಿ, ಚೋಕಿನ ಎಲೆ ಸರಿಯಾಗಿ ಮುಚ್ಚುತ್ತಿದೆಯೇ ನೋಡಿ, ಜೋಡಿಸಿದೆ. ಒದ್ದರೆ ಸ್ಟಾರ್ಟ್. ಅದಕ್ಕೂ ಮೊದಲೇ, ಬಿಚ್ಚುವ ಮುನ್ನ ಒದ್ದಾಗಲೂ ಸ್ಟಾರ್ಟ್ ಆಗಿತ್ತು ಎಂಬುದನ್ನು ನಾನು ಎತ್ತಲಿಲ್ಲ.

ಮೂರನೆಯ ಸಲ ಬೈಕು ಹಾಲಿನ ಟೆಂಪೋದಲ್ಲಿ ಮಲಗಿ ಬಂತು. ಇಳಿಸಿ, ಮುಚ್ಚಳ ತೆಗೆದು, ಇಣುಕಿ, ಮುಚ್ಚಿ, ಒದ್ದೆ. ಸ್ಟಾರ್ಟ್. ಟೆಂಪೋದವನು ನನ್ನನ್ನೂ ಆಕೆಯನ್ನೂ ನೋಡಿ, ತನ್ನನ್ನು ಯಾಕೆ ಕರೆದರು ಎಂದು ಯಾರೂ ಹೇಳದಿದ್ದರಿಂದ ಹೊರಟುಹೋದ. ಅಂದು ಎಂಜಿನ್ನಿನ ಕವಾಟ ತಳ್ಳುವ ಟ್ಯಾಪೆಟ್‌ಗಳ ಸಡಿಲ ಅಳೆದೆ. ಒಂದು ಸ್ವಲ್ಪ ಬಿಗಿ ಇತ್ತು, ಸರಿಮಾಡಿದೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು ಕಿಕ್ ಒತ್ತಿದರೆ ಬೆರಳನ್ನೇ ಎತ್ತಿ ಎಸೆಯುವಷ್ಟು ಗಾಳಿ. ಎಂಜಿನ್ನಿನ ಎದೆ ಗಟ್ಟಿಯಾಗಿತ್ತು. ಇನ್ನೊಂದು ಗಾಡಿಯಿಂದ, ಕಿಡಿ ಹುಟ್ಟಿಸುವ ಕಾಯಿಲ್ ಬಿಚ್ಚಿ ಇದಕ್ಕೆ ಹಾಕಿದೆ.

"ಏನ್ ಮೇಸ್ತ್ರಿ, ಸತ್ತಿರೋ ಗಾಡೀನ ಎಬ್ಬಿಸೋರನ್ನ ನೋಡಿದೀನಿ," ಎದುರಿನಿಂದ ಗಿರಣಿಯವನು ಕೂಗಿದ. "ಬದುಕಿರೋದನ್ನ ದಿನಾ ಎಬ್ಬಿಸೋನು ನೀನೊಬ್ನೇ ಕಣೋ!"

ಕಾಯಿಲ್ ಬದಲಾಯಿಸಿದ ಮೇಲೆ ಬೈಕು ಆ ದೂರಿಗೆ ಬರಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ನಾನು ಗಿರಣಿಯ ಮುಂದೆ ಹೋಗಿ ನಿಂತು, ಕಾಯಿಲ್ಲೇ ಎಂದು ಸಾರಿದೆ. ಬಿಸಿಯಾದಾಗ ಚೆನ್ನಾಗಿದ್ದು ತಣ್ಣಗಾದಾಗ ಕೈಕೊಡುವ ಕಾಯಿಲ್ಲುಗಳ ಬಗ್ಗೆ, ಹಿಟ್ಟಿಗೆ ಬಂದಿದ್ದ ಹೆಂಗಸರೆಲ್ಲ ಕೇಳುವ ಹಾಗೆ, ಒಂದು ಪ್ರವಚನವನ್ನೂ ಕೊಟ್ಟೆ. ಈ ನಡುವೆ ಆಕೆ ಒಮ್ಮೆ ಹಿಂದಿನ ಬ್ರೇಕಿಗೆ ಶೂ ಹಾಕಿಸಲು ಬಂದರು. ಈಗ ಹೇಗಿದೆ ಎಂದರೆ, "ಬಂಗಾರದಂಗದೆ ಅಣ್ಣ" ಎಂದರು.

ಆಮೇಲೆ ಬಂಗಾರ ಮತ್ತೆ ಕಬ್ಬಿಣವಾಯಿತು. ಒಂದು ಬೆಳಿಗ್ಗೆ ಆಕೆ ಮುಖ ಸಣ್ಣಗೆ ಮಾಡಿಕೊಂಡು ಬಂದು ನಿಂತಾಗ ನಾನು ತಲೆ ತಗ್ಗಿಸಿದೆ. ಹಾಗೆ ತಗ್ಗಿಸಿದ್ದರಿಂದ ಆಕೆಯ ಪಾದ ಕಂಡಿತು. ಬೆರಳ ಸಂದಿಯಲ್ಲಿ, ಹಿಮ್ಮಡಿಯ ಬಿರುಕಿನಲ್ಲಿ, ಬೆಳ್ಳಗೆ ಸುಣ್ಣ.

ಮೊದಲ ಸಲವೂ ಆ ಸುಣ್ಣ ಇತ್ತು, ಟೆಂಪೋದಲ್ಲಿ ಬಂದಾಗಲೂ ಇತ್ತು. ಬ್ರೇಕ್ ಶೂ ಹಾಕಿಸಲು ಬಂದ ದಿನ ಇರಲಿಲ್ಲ. ಬೈಕಿನ ರೋಗದ ಲಕ್ಷಣ ಬೈಕಿನ ಮೇಲೆ ಸಿಗದೆ ಒಡತಿಯ ಕಾಲಲ್ಲಿ ಸಿಕ್ಕಿದ್ದು ನನ್ನ ಅನುಭವದಲ್ಲಿ ಅದೇ ಮೊದಲು.

"ಅಮ್ಮಾ, ಕಾಲಿಗೆ ಸುಣ್ಣ ಯಾಕಮ್ಮ?"

"ಹುಳು ಬಂದವಲ್ಲಣ್ಣ. ರೇಷ್ಮೆ. ಹುಳು ಮನೆ ಒಳಕ್ಕೆ ಹೋಗ್ಬೇಕಾದ್ರೆ ಬ್ಲೀಚಿಂಗ್ ಪೌಡರು, ಸುಣ್ಣ ತುಳಿದೇ ಹೋಗ್ಬೇಕು. ಇಲ್ಲಾಂದ್ರೆ ನಮ್ಮತ್ತೆ ಕಾಲು ಮುರೀತಾರೆ."

"ಹುಳು ಇಲ್ಲದಾಗ ಗಾಡಿ ಚೆನ್ನಾಗಿರ್ತದಾ?"

ಆಕೆ ಬೆರಳು ಮಡಿಸಿ ಲೆಕ್ಕ ಹಾಕಿದರು. ಕಣ್ಣು ದೊಡ್ಡದಾಯಿತು. "ಹೌದಲ್ಲಣ್ಣಾ! ಗೂಡು ಬಿಡಿಸಿ ಮನೆಯೆಲ್ಲ ತೊಳೆದ್ಮೇಲೆ ಚೆನ್ನಾಗಿರ್ತದೆ. ತಿರುಗಾ ಹುಳು ತಂದ್ರೆ ಶುರುವಾಯ್ತದೆ. ಏನು, ದೃಷ್ಟಿನಾ?"

ದೃಷ್ಟಿಗೆ ನನ್ನ ಹತ್ತಿರ ಸ್ಪ್ಯಾನರ್ ಇಲ್ಲ ಎಂದೆ. ಆಕೆ ನಗಲಿಲ್ಲ. ಆಗ ನನಗೆ ತಿಳಿದದ್ದು, ಇದು ಮೊಣಕಾಲಿನ ನೋವಿನ ಪ್ರಶ್ನೆ ಮಾತ್ರವಲ್ಲ ಎಂಬುದು. ಹುಳು ಚಿಕ್ಕದಿರುವಾಗ ಒಂದು ಹಿಡಿ ಸೊಪ್ಪಿಗೆ ಸುಮ್ಮನಿರುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ, ಅದು ತಿನ್ನುವುದೇ ತಿನ್ನುವುದು. ಹಿಪ್ಪುನೇರಳೆ ತೋಟ ಇರುವುದು ಕೆರೆಯ ಆಚೆ. ಬಿಸಿಲೇರುವ ಮೊದಲು ಕೊಯ್ದು ತಂದು ಹಾಕಬೇಕು. ಹಿಂದಿನ ಸಂಜೆಯೇ ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟದ್ದು ಬೆಳಗಿನ ಜಾವಕ್ಕೇ ಮುಗಿದುಹೋಗುತ್ತದೆ. ಹೋದ ಬೆಳೆಯಲ್ಲಿ ಬೈಕು ಸತಾಯಿಸಿ, ಸೊಪ್ಪು ಹೊತ್ತೇರಿ ಬಂದು, ಬಾಡಿದ್ದನ್ನು ತಿಂದ ಹುಳು ಹೆಸರಿಗೊಂದು ತೆಳ್ಳಗಿನ ಗೂಡು ಕಟ್ಟಿದ್ದವು.

"ಈ ಬೆಳೆಯೂ ಹಂಗೇ ಆದ್ರೆ ತೋಟ ಕಿತ್ತಾಕಿ ಟೊಮ್ಯಾಟೊ ನೆಡಣ ಅಂತವ್ರೆ ನಮ್ಮ ಯಜಮಾನ್ರು. ನಾನೂ ಅವರ ಕಂಪನಿ ಬಸ್ಸೇ ಹತ್ತೋದಂತೆ. ನಂಗೆ ಹುಳು ಬಿಟ್ಟು ಬೇರೆ ಕೆಲಸ ಮನಸ್ಸಿಗೆ ಹತ್ತಲ್ಲಣ್ಣ."

ನಾಳಿದ್ದು ನಾಲ್ಕನೆಯ ಜ್ವರ ಏಳುತ್ತದೆ ಎಂದೂ ಹೇಳಿದರು.

ಹುಳುವಿಗೂ ಕಿಡಿಗೂ ಏನು ನಂಟು? ನಾನು ಕುರ್ಚಿಯ ಮೇಲೆ ಕೂತು ಗಂಭೀರವಾಗಿ ಯೋಚಿಸಿದೆ. ಹುಳು ಮನೆಯಲ್ಲಿ ತಂಪಿಗೆ ಒದ್ದೆ ಗೋಣಿ ಕಟ್ಟುತ್ತಾರೆ. ಬೈಕು ಅದರ ಗೋಡೆಗೇ ಒರಗಿ ನಿಲ್ಲುತ್ತದೆ ಎಂದರು. ಹಾಗಾದರೆ ಶೀತ! ಪ್ಲಗ್ಗಿಗೆ ಹೋಗುವ ತಂತಿಗೆ ಶೀತ ಹತ್ತಿ ಕಿಡಿ ದಾರಿ ತಪ್ಪುತ್ತಿದೆ. ತಂತಿಗೂ ಪ್ಲಗ್ ಟೊಪ್ಪಿಗೂ ಹೊಸದು ಹಾಕಿ, ಮೇಲೆ ಟೇಪು ಸುತ್ತಿ, ಕೂಸಿಗೆ ಕುಲಾವಿ ಕಟ್ಟಿದ ಹಾಗೆ ಭದ್ರ ಮಾಡಿ ಕಳಿಸಿದೆ. ಮಾರನೆಯ ದಿನ ಫೋನ್ ಬಂತು. ದನಿ ಕೇಳಿದ ಕೂಡಲೇ ಗೊತ್ತಾಯಿತು, ಶೀತವೂ ಅಲ್ಲ.

"ನಮ್ಮ ಸ್ಕೂಟರ್ ತಗೊಂಡೋಗಮ್ಮ, ಬೆಳೆ ಮುಗಿಯೋಗಂಟ ಇಟ್ಕೋ," ಎಂದೆ.

ಫೋನಿನ ಆ ಕಡೆ ಏನೋ ಗುಸುಗುಸು. ಆಮೇಲೆ ಆಕೆಯೇ ಬೇಸರದಿಂದ, "ಅತ್ತೆ ಬ್ಯಾಡಾಂತವ್ರೆ ಅಣ್ಣ. ಮೆಕ್ಯಾನಿಕ್ ಗಾಡಿ ಅಂದ್ರೆ ಪೆಟ್ರೋಲ್ ಪೀಪಾಯಿದ್ದಂಗಂತೆ. ಹುಳೂಗೆ ವಾಸನೆ ಆಗಲ್ಲ," ಎಂದರು.

ಆಗ ನಾನೊಂದು ತೀರ್ಮಾನ ಮಾಡಿದೆ. ಬೈಕು ನನ್ನ ಮನೆಗೆ ಬಂದಾಗ ಸುಳ್ಳು ಹೇಳುತ್ತಿದೆ. ಅದರ ಮನೆಗೆ ನಾನೇ ಹೋಗಬೇಕು. ಅದು ಹೇಗೆ ಮುನಿಯುತ್ತದೋ ಕಣ್ಣಾರೆ ನೋಡಬೇಕು. ಬೆಳಿಗ್ಗೆ ಬರುತ್ತೇನೆ, ನಾನು ಬರುವ ತನಕ ಕಾಯಿರಿ ಎಂದೆ.

ಮತ್ತೆ ಗುಸುಗುಸು. ಈ ಸಲ ಅತ್ತೆಯೇ ಫೋನ್ ತೆಗೆದುಕೊಂಡರು. ಆ ಕಡೆ ಊರುಗಳಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆ ಎಂದು ಗಡಿ ಅಳೆದವರಿಗೂ ಗೊತ್ತಿಲ್ಲ.

"ಏಮಯ್ಯಾ, ಬರೋದಾದ್ರೆ ತಲೆಗೆ ಸ್ನಾನ ಮಾಡ್ಕೊಂಡು ಬಾ. ಒಗ್ದಿರೋ ಬಟ್ಟೆ. ಬಸ್ಸಲ್ಲಿ ಬಾ. ನಮ್ಮ ಕಾಂಪೌಂಡಲ್ಲಿ ಪೆಟ್ರೋಲ್ ಮೂತಿ ತೆಗೆಯೋ ಹಂಗಿಲ್ಲ. ತಿಳೀತಾ ನಾಯನಾ?"

ತಿಳಿಯಿತು ಎಂದೆ. ಕೆಲವು ದೇವಸ್ಥಾನಗಳಲ್ಲಿ ಅಂಗಿ ಬಿಚ್ಚಿಸುತ್ತಾರೆ. ಇಲ್ಲಿ ಕಸುಬನ್ನೇ ಬಿಚ್ಚಿಟ್ಟು ಬರಬೇಕಾಗಿತ್ತು.

ಸ್ನಾನ ಸುಲಭವಿರಲಿಲ್ಲ. ಇಷ್ಟು ವರ್ಷ ಪೆಟ್ರೋಲಿನಲ್ಲೇ ಕೈ ತೊಳೆದವನ ಚರ್ಮದಿಂದ ಪೆಟ್ರೋಲ್ ತೊಳೆಯುವುದು ಯಾವುದರಲ್ಲಿ? ಸೀಗೆಪುಡಿ ಹಾಕಿದೆ, ನಿಂಬೆಹೋಳು ಉಜ್ಜಿದೆ, ಕಡೆಗೆ ಬೂದಿಯನ್ನೂ ಬಿಡಲಿಲ್ಲ.

"ಮದ್ವೆ ದಿವ್ಸಾನೂ ಇಷ್ಟು ಉಜ್ಕೊಂಡಿರ್ಲಿಲ್ಲ," ಎಂದಳು ನನ್ನ ಹೆಂಡತಿ, ಬಚ್ಚಲ ಬಾಗಿಲಿನಲ್ಲಿ ನಿಂತು. "ಯಾರನ್ನ ನೋಡಕ್ಕೆ ಹೋಗ್ತಿದೀರ?"

"ಹುಳ," ಎಂದೆ. ಅವಳು ಇನ್ನೊಂದು ನಿಂಬೆಹೋಳು ತಂದುಕೊಟ್ಟಳು.

ಮೊದಲ ಬಸ್ಸಿನಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ಮಾವಿನ ತೋಪುಗಳ ನಡುವೆ ಸಣ್ಣ ಊರು. ಗೇಟಿನ ಹತ್ತಿರ ಅತ್ತೆ ಕಾದಿದ್ದರು: ಗಿಡ್ಡ, ಬಿಳಿತಲೆಯ, ಸೀರೆ ಎತ್ತಿ ಸಿಕ್ಕಿಸಿದ ಮುದುಕಿ.

"ಅಕ್ಕಡೇ! ಅಕ್ಕಡೇ ನಿಲ್ಲು!"

ನಿಂತೆ. ಅವರು ಸುತ್ತ ಒಂದು ಪ್ರದಕ್ಷಿಣೆ ಬಂದರು. ನನ್ನ ತೋಳನ್ನು ಮೂಸಿದರು. ಕೈಯನ್ನು ತಿರುಗಿಸಿ ಉಗುರಿನ ಸಂದಿ ಮೂಸಿದರು. ಆರ್‌ಟಿಒ ಕಚೇರಿಯಲ್ಲೂ ನನ್ನನ್ನು ಯಾರೂ ಅಷ್ಟು ಕಟ್ಟುನಿಟ್ಟಾಗಿ ತಪಾಸಣೆ ಮಾಡಿಲ್ಲ.

"ನಿಂಬೆಕಾಯಿ," ಎಂದು ಷರಾ ಬರೆದರು. "ಪರ್ವಾಗಿಲ್ಲ. ಆ ನೀರು ತುಳಿದು ಬಾ. ಅಂಗಳದಗಂಟ ಮಾತ್ರ. ಹುಳು ಮನೆ ಕಡೆ ತಲೆ ಹಾಕ್ಬೇಡ."

ಬಿಳಿ ನೀರಿನ ಬೋಗುಣಿ ತುಳಿದು ಅಂಗಳಕ್ಕೆ ಬಂದೆ. ಬಂದವನು ಮೊದಲು ಆಕಾಶ ನೋಡಿದೆ. ಯಾಕೆಂದರೆ ಮಳೆಯ ಸದ್ದು ಕೇಳುತ್ತಿತ್ತು. ಹೆಂಚಿನ ಮೇಲೆ ಬೀಳುವ ಜಿಟಿಜಿಟಿ ಮಳೆ. ಆಕಾಶದಲ್ಲಿ ಒಂದು ಮೋಡವಿಲ್ಲ.

"ಹುಳು ಮೇಯ್ತಾವೆ ಅಣ್ಣ," ಎಂದರು ಸೊಸೆ. "ರಾತ್ರಿ ಸೊಪ್ಪಿನ ಕಡೇ ಹೊರೆ. ಆ ಸದ್ದು ನಿಂತ್ರೆ ಹೊಟ್ಟೆಗಿಲ್ಲ ಅಂತ."

ಬಲೆ ಬಡಿದ ಕಿಟಕಿಯ ಕೆಳಗೆ, ಗೋಡೆಗೆ ಅಂಟಿಕೊಂಡು, ನನ್ನ ರೋಗಿ ನಿಂತಿತ್ತು. ಹುಳು ಮನೆಯನ್ನು ಈಚೆಗೆ ದೊಡ್ಡದು ಮಾಡಿದ್ದರಿಂದ ಬೈಕಿನ ಹಳೆಯ ಜಾಗ ಹೋಗಿ ಅದು ಇಲ್ಲಿಗೆ ಬಂದಿತ್ತಂತೆ. ಬೀದಿಯಲ್ಲಿ ಬಿಟ್ಟರೆ ಮೇಕೆಗಳು ಸೀಟಿನ ಸ್ಪಂಜು ತಿನ್ನುತ್ತವೆ.

ಅತ್ತೆ ಒದ್ದೆ ಬಟ್ಟೆ ತಂದು ಟ್ಯಾಂಕ್ ಒರೆಸಿದರು. ಮುಚ್ಚಳದ ಸುತ್ತ ಕಂದು ಬಣ್ಣದ ಕೊಳೆ ಅಂಟಿತ್ತು, ಅದನ್ನೂ ಉಗುರಿನಿಂದ ಕೆರೆದು ಒರೆಸಿದರು. ಇಷ್ಟು ಭಕ್ತಿಯಿಂದ ಗಾಡಿ ನೋಡಿಕೊಳ್ಳುವ ಮನೆಯಲ್ಲಿ ಗಾಡಿ ಯಾಕೆ ಮುನಿಯಬೇಕು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಕಣ್ಣೆದುರೇ ನಡೆದದ್ದನ್ನು ಕಾಣದಿರುವುದಕ್ಕೆ ಎಷ್ಟು ವರ್ಷದ ಅನುಭವ ಬೇಕು ನೋಡಿ.

ಸೊಸೆ ಕಾಕ್ ತೆರೆದರು, ಚೋಕ್ ಎಳೆದರು, ಒದ್ದರು. ಏನೂ ಇಲ್ಲ. ಒದ್ದರು. ಎಂಜಿನ್ನು ಕೆಮ್ಮಲೂ ಇಲ್ಲ. ನಾನು ಒದ್ದೆ. ನನಗೂ ಅದೇ ಮರ್ಯಾದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವಾಯಿತು. ಇಷ್ಟು ದಿನ ಕಿವಿಯಿಂದ ಮಾತ್ರ ಕೇಳಿದ್ದ ಕಾಯಿಲೆ ಕಣ್ಣ ಮುಂದೆ ಬಂದು ನಿಂತಿತ್ತು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅತ್ತೆ ಕಿಟಕಿಗೆ ಕಿವಿ ಕೊಟ್ಟು, "ಸದ್ದು ತಗ್ತಾ ಅದೆ, ಚೂಡು, ನೋಡು," ಎಂದರು. ನಿಜ. ಜಿಟಿಜಿಟಿ ತೆಳ್ಳಗಾಗುತ್ತಿತ್ತು.  ಸೊಸೆ ಖಾಲಿ ಗೋಣಿಗಳನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ನಡೆದೇ ಹೋಗುವವರ ಹಾಗೆ ಗೇಟಿನ ಕಡೆ ನೋಡಿದರು.

ಬಿಸಿಲಿಗೆ ಇನ್ನು ಸ್ವಲ್ಪವೇ ಹೊತ್ತು. ಗಾಡಿಯಲ್ಲೇ ಇದ್ದ ಸ್ಪ್ಯಾನರ್ ತೆಗೆದೆ. ಪ್ಲಗ್ ಬಿಚ್ಚಿದೆ. ಅಷ್ಟು ಒದ್ದ ಮೇಲೆ ಅದು ಪೆಟ್ರೋಲಿನಲ್ಲಿ ನೆಂದಿರಬೇಕು. ಒಣಗಿತ್ತು. ಬೇಸಿಗೆಯ ಕಲ್ಲಿನಂತೆ ಒಣಗಿತ್ತು. ಎಂಜಿನ್ನಿಗೆ ತಾಕಿಸಿ ಕಿಕ್ ಒತ್ತಿದರೆ ಕಿಡಿ ಚೆನ್ನಾಗಿ ಹಾರಿತು. ಕಿಡಿ ಇದೆ, ಉಸಿರಿದೆ, ಅನ್ನವಿಲ್ಲ. ಕಾರ್ಬೊರೇಟರಿನ ಬಟ್ಟಲಿನ ಕೆಳಗೊಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಸಡಿಲಿಸಿದರೆ ಬಟ್ಟಲಿನಲ್ಲಿದ್ದದ್ದು ಸುರಿಯಬೇಕು. ಅತ್ತೆಯ ಮೂಗಿಗೆ ಹೆದರುತ್ತಲೇ ಸಡಿಲಿಸಿದೆ. ಒಂದು ಹನಿಯೂ ಇಲ್ಲ. ಕಾಕ್ ತೆರೆದಿದೆ. ಬೈಕು ಅಲ್ಲಾಡಿಸಿದರೆ ಟ್ಯಾಂಕಿನಲ್ಲಿ ಕುಲುಕುಲು ಎನ್ನುತ್ತದೆ. ಮೇಲೆ ತುಂಬಿದ ಕೊಡ, ಕೆಳಗೆ ಒಣಗಿದ ಬಟ್ಟಲು, ನಡುವೆ ತೆರೆದ ದಾರಿ.

ಕೈ ತಾನಾಗಿ ಮುಚ್ಚಳದ ಕಡೆಗೆ ಹೋಯಿತು.

"ಏಯ್! ಏಂ ಚೆಪ್ಪಿದ್ನಿ ನಿಂಗೆ? ಮೂತಿ ತೆಗೀಬೇಡ ಅಂದಿಲ್ವಾ?"

ಕೈ ಹಿಂದಕ್ಕೆ ಬಂತು. ಮುಂದಿನ ಕೆಲಸ ಪೆಟ್ರೋಲ್ ಪೈಪು ಕಳಚಿ ನೋಡುವುದು. ಅದು ಇಲ್ಲಿ ಆಗದ ಕೆಲಸ. ಬೈಕನ್ನು ರಸ್ತೆಯಾಚೆಗೆ ತಳ್ಳಿಕೊಂಡು ಹೋಗಲು ಅಪ್ಪಣೆ ಕೇಳಿದೆ. ಅತ್ತೆ ಸೆರಗಿನ ತುದಿಯನ್ನು ಎತ್ತಿ ಹಿಡಿದು ಗಾಳಿ ಯಾವ ಕಡೆಗಿದೆ ಎಂದು ನೋಡಿದರು. "ಆ ಹುಣಸೇಮರದತ್ರ. ಈಚೆಗೆ ಬರ್ಬೇಡ."

ಸೊಸೆಯೂ ನಾನೂ ತಳ್ಳಿಕೊಂಡು ಹೋದೆವು. ಮರದ ಕೆಳಗೆ ಪೈಪು ಕಳಚಿದೆ. ನಾಲ್ಕು ಹನಿ ಬಿತ್ತು, ನಿಂತಿತು. ಹಾಲಿಳಿಸದ ಹಸುವಿನ ಕೆಚ್ಚಲು ಹಿಂಡಿದ ಹಾಗೆ. ಕಾಕ್ ಕಟ್ಟಿರಬಹುದೇ? ಇರಲಿ, ಮೊದಲು ಮೇಲಿಂದ ನೋಡೋಣ ಎಂದು ಸೊಸೆಯಿಂದ ಬೀಗದಕೈ ತೆಗೆದುಕೊಂಡು ಮುಚ್ಚಳ ತಿರುಗಿಸಿದೆ.

ಸ್ಸ್ಸ್...

ಮುಳುಗಿ ಎದ್ದವನು ಉಸಿರೆಳೆದುಕೊಂಡ ಹಾಗೆ, ಟ್ಯಾಂಕು ಗಾಳಿಯನ್ನು ಒಳಗೆ ಎಳೆದುಕೊಂಡಿತು. ಅದೇ ಗಳಿಗೆಯಲ್ಲಿ ಕೆಳಗೆ, ಕಳಚಿದ್ದ ಪೈಪಿನಿಂದ, ಪೆಟ್ರೋಲ್ ಧಾರೆಯಾಗಿ ನನ್ನ ಒಗೆದ ಪ್ಯಾಂಟಿನ ಮೇಲೆ ಸುರಿಯಿತು.

ಕಾಕ್ ಮುಚ್ಚುವುದನ್ನೂ ಮರೆತು ಒಂದು ಕ್ಷಣ ನಿಂತೇಬಿಟ್ಟೆ. ಟ್ಯಾಂಕಿನಿಂದ ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿನಿಂದ ಗಾಳಿ ಒಳಗೆ ಹೋಗಬೇಕು. ಅದಕ್ಕೆಂದೇ ಮುಚ್ಚಳದ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಸಂಜೆ ಬಿಸಿಯಾಗಿದ್ದ ಟ್ಯಾಂಕು ರಾತ್ರಿ ತಣ್ಣಗಾಗುತ್ತಾ ಒಳಗಿನ ಗಾಳಿ ಕುಗ್ಗಿತ್ತು. ತೂತು ಕಟ್ಟಿದ್ದರಿಂದ ಹೊರಗಿನ ಗಾಳಿ ಬರಲಿಲ್ಲ. ಪೆಟ್ರೋಲು ಮೇಲೆಯೇ ಕಚ್ಚಿಕೊಂಡು ಕೂತಿತ್ತು. ಬೆಳಿಗ್ಗೆ ಮುಚ್ಚಳದ ಅಂಚಿನಿಂದ ಗಾಳಿ ಚೂರುಚೂರೇ ಜಿನುಗಿ ಒಳಗೆ ಹೋಗಿ, ಸೊಸೆ ಅಳುವ ಹೊತ್ತಿಗೆ, ಬೈಕಿಗೆ 'ಮನಸ್ಸು' ಬರುತ್ತಿತ್ತು. ಇನ್ನು ನನ್ನ ಅಂಗಡಿಯಲ್ಲಿ? ಮೇಸ್ತ್ರಿಯ ಮೊದಲ ಪಾಠ! ಬಂದ ಕೂಡಲೇ ಮುಚ್ಚಳ ತೆಗೆದು ಬೈಕನ್ನು ಗುಣಪಡಿಸಿ, ಆಮೇಲೆ ರೋಗ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಆ ಸ್ಸ್ ಎಂಬ ಸದ್ದು ಪ್ರತಿಸಲವೂ ಆಗಿರಬೇಕು. ಎದುರಿಗೆ ಗಿರಣಿ ರಾಗಿ ಅರೆಯುತ್ತಿರುವಾಗ ಅದು ಯಾರ ಕಿವಿಗೆ ಬೀಳಬೇಕು?

ಸೊಸೆಯ ಸೆರಗಿನ ಪಿನ್ನು ಕೇಳಿ ಪಡೆದು ತೂತು ಕೆರೆದೆ. ಕಂದುಬಣ್ಣದ, ಕಲ್ಲಿನಂತೆ ಗಟ್ಟಿಯಾದ ಚೂರು ಬಂತು. ಬೆರಳಲ್ಲಿ ತಿಕ್ಕಿ ನೋಡಿದೆ. ಗುರುತು ಸಿಕ್ಕದಿರಲು ನಾನೇನು ಕೋಲಾರ ಜಿಲ್ಲೆಯವನಲ್ಲವೇ?

"ಅಮ್ಮಾ!" ರಸ್ತೆಯಾಚೆಗೆ ಕೂಗಿದೆ. "ಈ ಮುಚ್ಚಳಕ್ಕೆ ಏನ್ ಮೆತ್ತಿದೀರ?"

"ಅದಾ? ಮುದ್ದೆ!" ಗೇಟಿನಿಂದ ಉತ್ತರ ಬಂತು, ಯಾವ ಸಂಕೋಚವೂ ಇಲ್ಲದೆ. "ರಾತ್ರಿ ಮಿಕ್ಕಿದ್ದು. ದಿನಾ ಮೆತ್ತಿ, ಬೆಳಿಗ್ಗೆ ಒರೆಸ್ತೀನಿ. ಪೆಟ್ರೋಲ್ ವಾಸನೆ ಅಲ್ಲಿಂದ್ಲೇ ಬರೋದು. ಯಾಕೆ?"

ನಾನು ಸೊಸೆಯನ್ನು ನೋಡಿದೆ. "ರಾತ್ರಿ ಗಾಡಿಗೆ ಏನ್ ಮಾಡ್ತೀರ ಅಂತ ಅವತ್ತೇ ಕೇಳಿದ್ನಲ್ಲಮ್ಮ?"

"ಗಾಡಿಗೇನೂ ಮಾಡಲ್ವಲ್ಲಣ್ಣ," ಎಂದರು ಆಕೆ ನಿಜವಾದ ಆಶ್ಚರ್ಯದಿಂದ. "ಅದು ಹುಳೂಗೆ ಮಾಡೋದು."

ಹುಳು ಸಾಕುವ ಮನೆಯ ಮೊದಲ ಧರ್ಮವೇ ತೂತು ಮುಚ್ಚುವುದು. ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬರುವ ತೂತು, ಇರುವೆ ಬರುವ ಬಿರುಕು, ಇಲಿಯ ಬಿಲ, ಎಲ್ಲವನ್ನೂ ಮುಚ್ಚುತ್ತಾರೆ. ಹಾಗೆ ಮುಚ್ಚುತ್ತಾ ಬಂದ ಕೈ, ಕಿಟಕಿಯ ಕೆಳಗೆ ಬಂದು ನಿಂತ ಬೈಕಿನ ತೂತನ್ನೂ ಬಿಡಲಿಲ್ಲ. ಬೆಳೆ ಮುಗಿದ ಮೇಲೆ ಮನೆಯೊಂದಿಗೆ ಬೈಕನ್ನೂ ತೊಳೆದಾಗ ಮುದ್ದೆ ನೆನೆದು ಹೋಗುತ್ತಿತ್ತು, ನನ್ನ ಕಾಯಿಲ್ಲಿಗೆ ಕೀರ್ತಿ ಬರುತ್ತಿತ್ತು.

ಪೈಪು ಸಿಕ್ಕಿಸಿ, ಮುಚ್ಚಳ ಹಾಕಿ, "ಒದಿಯಮ್ಮ," ಎಂದೆ. ಮೊದಲ ಒದೆಗೆ ಸ್ಟಾರ್ಟ್ ಆಯಿತು. ಆಕೆ ಗೋಣಿಗಳನ್ನು ಸೀಟಿಗೆ ಎಸೆದು, ನನಗೊಂದು ಮಾತನ್ನೂ ಹೇಳದೆ, ಕೆರೆಯ ಕಡೆಗೆ ಹಾರಿದರು. ಅದೇ ಸರಿಯಾದ ಮರ್ಯಾದೆ.

ಉಳಿದವರು ಅತ್ತೆ ಮತ್ತು ನಾನು, ನಡುವೆ ರಸ್ತೆ. ನಾನು ಗೇಟಿನ ಕಡೆಗೆ ಎರಡು ಹೆಜ್ಜೆ ಇಟ್ಟೆ.

"ಅಕ್ಕಡೇ! ಪ್ಯಾಂಟೆಲ್ಲ ಪೆಟ್ರೋಲು!"

ಹುಣಸೇಮರದ ಕೆಳಗಿನಿಂದಲೇ ವಿವರಿಸಬೇಕಾಯಿತು. ಗಾಳಿ, ಒತ್ತಡ ಎಂದೆಲ್ಲ ಶುರು ಮಾಡಿದೆ. ಅವರ ಮುಖ ನೋಡಿ ಬಿಟ್ಟೆ.

"ಅಮ್ಮಾ, ಹುಳು ಉಸಿರಾಡೋದು ಎಲ್ಲಿಂದ? ಮೈ ಪಕ್ಕದ ಸಣ್ಣ ತೂತಿಂದ ತಾನೆ, ಈ ಗಾಡಿಗೂ ಉಸಿರಿಗಿರೋದು ನೀವು ಮುದ್ದೆ ಮೆತ್ತೋ ಆ ಒಂದು ತೂತೇ!"